ಬೀಗದ ಎರಡೂ ಬದಿಯ ಭಯ

ನನ್ನ ಸೋದರಮಾವ ಉತ್ತರ ಕರ್ನಾಟಕದ ಒಂದು ಜೈಲಿನಲ್ಲಿ ವಾರ್ಡರ್ ಆಗಿದ್ದವರು. ನಿವೃತ್ತರಾಗಿ ಹದಿನೈದು ವರ್ಷ ದಾಟಿದೆ. ನೌಕರಿಯಲ್ಲಿದ್ದಾಗ ಜೈಲಿನ ಸುದ್ದಿಯನ್ನು ಮನೆಗೆ ತರುತ್ತಿರಲಿಲ್ಲ, ಈಗಲೂ ಅಷ್ಟಾಗಿ ಮಾತಾಡುವುದಿಲ್ಲ. ಒಂದು ದೀಪಾವಳಿಗೆ ಊರಿಗೆ ಹೋದಾಗ, ಪಿಎಚ್‌ಡಿ ಅಂತ ನೀನು ಓದುವುದಾದರೂ ಏನು ಎಂದು ಕೇಳಿದರು. ರೋಗ ಮತ್ತು ಬಂಧನದ ಚರಿತ್ರೆ ಎಂದೆ. ಅರ್ಥವಾಗದವರಂತೆ ನೋಡಿದರು. ಏಡ್ಸ್ ಬಂದ ಹೊಸದರಲ್ಲಿ ಸರ್ಕಾರ, ಪೊಲೀಸರು, ಜೈಲಿನವರು ಏನು ಮಾಡಿದರು ಎಂದು ಹಳೆಯ ತೀರ್ಪುಗಳನ್ನೂ ವರದಿಗಳನ್ನೂ ಓದುತ್ತಿದ್ದೇನೆ ಎಂದು ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಶುರು ಮಾಡಿದರು.

"ತೊಂಬತ್ತೇಳರಾಗ ಒಬ್ಬ ಹುಡುಗ ಬಂದಿದ್ದ ನೋಡವಾ. ಲಾರಿ ಕ್ಲೀನರ್. ಕಳವಿನ ಕೇಸು. ದವಾಖಾನಿಯಿಂದ ಚೀಟಿ ಬಂತು, ಅವಗ ಏಡ್ಸ್ ಐತಿ ಅಂತ. ಮರದಿನಕ್ಕ ಇಡೀ ಬ್ಯಾರಕ್ಕಿಗೆ ಗೊತ್ತಾತು. ಹೆಂಗ ಗೊತ್ತಾತು ಅಂದ್ರ, ನಾವ ಹೇಳಿದ್ವಿ."

ಹುಡುಗನನ್ನು ಬೇರೆ ಕೋಣೆಗೆ ಹಾಕಿದರು. ಅವನ ತಟ್ಟೆಯನ್ನು ಲಾಠಿಯ ತುದಿಯಿಂದ ಒಳಗೆ ತಳ್ಳುತ್ತಿದ್ದರು. ಅವನು ಕುಡಿದ ಲೋಟವನ್ನು ಯಾರೂ ಮುಟ್ಟುತ್ತಿರಲಿಲ್ಲ. ಕೋರ್ಟಿಗೆ ಹಾಜರಾಗುವ ದಿನ ಗಡ್ಡ ತೆಗೆಸಿ ಎಂದು ಅವನು ಮಾಮಾನನ್ನು ಕೇಳಿಕೊಂಡ. ಕ್ಷೌರ ಮಾಡುತ್ತಿದ್ದ ಕೈದಿ ಒಲ್ಲೆ ಎಂದ. ಬ್ಲೇಡ್ ಕೊಡಿ, ನಾನೇ ತೆಗೆದುಕೊಳ್ಳುತ್ತೇನೆ ಎಂದು ಹುಡುಗ ಹೇಳಿದ. ಕೈದಿಯ ಕೈಗೆ ಬ್ಲೇಡ್ ಕೊಡಲು ರೂಲ್ ಇಲ್ಲ. "ಹಂಗ ಹೋದ, ಆ ಗಡ್ಡದಾಗ. ಜಡ್ಜ್ ಮುಂದ ಕಳ್ಳನಂಗ ಕಾಣಬಾರದು ಅಂತ ಅವನ ಆಸೆ ಇತ್ತು."

ನಾನು ಏನೂ ಕೇಳದಿದ್ದರೂ ಅವರು ಮುಂದುವರಿಸಿದರು: "ನಮಗರ ಯಾರ ಹೇಳಿದ್ರು? ಹೆಂಗ ಬರತೈತಿ, ಹೆಂಗ ಬರೂದಿಲ್ಲ, ಯಾರೂ ಹೇಳಲಿಲ್ಲ. ಒಂದು ಜೋಡಿ ಗ್ಲೌಸ್ ಸುದ್ದಾ ಕಂಡಿರಲಿಲ್ಲ ನಾವು."

ಈ ಹುಡುಗನ ವಿಷಯ ಯಾವ ಕಡತದಲ್ಲೂ ಸಿಗಲಾರದು. ಆದರೆ ಆ ತಟ್ಟೆ, ಆ ಬೇರೆ ಕೋಣೆ, ಆ ಬ್ಲೇಡು ಒಂದು ಜೈಲಿನವು ಮಾತ್ರವಲ್ಲ. ಅವುಗಳ ಹಿಂದೆ ಹತ್ತು ವರ್ಷಗಳ ಚರಿತ್ರೆ ಇತ್ತು. ಮಾಮಾನ ಮಾತು ಕೇಳಿದ ಮೇಲೆ ನಾನು ಓದಿದ್ದನ್ನೇ ಮತ್ತೊಮ್ಮೆ ಓದಿದೆ. ಈ ಬರಹ ಹುಟ್ಟಿದ್ದು ಹಾಗೆ.

*

ನಮ್ಮ ದೇಶದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು ಬೀಗ ಹಾಕಿದ ಜಾಗದಲ್ಲಿ ಎಂಬುದು ಬಹಳ ಜನರ ಗಮನಕ್ಕೆ ಬಂದಿಲ್ಲ.

1985ರ ಕೊನೆಯ ಹೊತ್ತಿಗೆ ಏಡ್ಸ್ ಪಶ್ಚಿಮ ದೇಶಗಳ ರೋಗ, ಅಲ್ಲಿಯ ನಡವಳಿಕೆಯ ಫಲ, ನಮಗೆ ಬರುವುದಿಲ್ಲ ಎಂಬ ನಂಬಿಕೆ ಇಲ್ಲಿ ಗಟ್ಟಿಯಾಗಿತ್ತು. ಮದ್ರಾಸ್ ಮೆಡಿಕಲ್ ಕಾಲೇಜಿನ ಸೂಕ್ಷ್ಮಜೀವಿ ಶಾಸ್ತ್ರದ ಪ್ರಾಧ್ಯಾಪಕಿ ಸುನೀತಿ ಸಾಲೊಮನ್ ತಮ್ಮ ವಿದ್ಯಾರ್ಥಿನಿ ಸೆಲ್ಲಪ್ಪನ್ ನಿರ್ಮಲಾ ಅವರಿಗೆ ಇದನ್ನೇ ಪ್ರಬಂಧದ ವಿಷಯವಾಗಿ ಕೊಟ್ಟರು. ಲೈಂಗಿಕ ವೃತ್ತಿಯ ಮಹಿಳೆಯರ ರಕ್ತದ ಮಾದರಿ ಬೇಕಿತ್ತು. ಮದ್ರಾಸಿನಲ್ಲಿ ಬೊಂಬಾಯಿಯಂತೆ ಗೊತ್ತಾದ ಕೇರಿಗಳಿರಲಿಲ್ಲ. ಸರ್ಕಾರಿ ಆಸ್ಪತ್ರೆಗೆ ಬರುತ್ತಿದ್ದ ಇಬ್ಬರು ಹೆಂಗಸರ ಮೂಲಕ ನಿರ್ಮಲಾ ಅವರಿಗೆ 'ವಿಜಿಲೆನ್ಸ್ ಹೋಮ್' ವಿಳಾಸ ಸಿಕ್ಕಿತು. ಅನೈತಿಕ ವ್ಯವಹಾರ ತಡೆ ಕಾನೂನಿನಲ್ಲಿ ಹಿಡಿದ ಹೆಂಗಸರನ್ನು ಇರಿಸುತ್ತಿದ್ದ ಸರ್ಕಾರಿ ಮನೆ ಅದು. ಹೆಸರು ಆಶ್ರಯದ್ದು, ಬಾಗಿಲು ಜೈಲಿನದು.

ನಿರ್ಮಲಾ ಕೆಲವು ತಿಂಗಳಲ್ಲಿ ಎಂಬತ್ತಕ್ಕೂ ಹೆಚ್ಚು ಮಾದರಿಗಳನ್ನು ಸಂಗ್ರಹಿಸಿದರು. ಕೈಗೆ ಗ್ಲೌಸ್ ಇರಲಿಲ್ಲ. ಬೇರ್ಪಡಿಸಿದ ಮಾದರಿಗಳನ್ನು ಮನೆಯ ಫ್ರಿಜ್ಜಿನಲ್ಲಿಟ್ಟು, ಅಲ್ಲಿಂದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಒಯ್ದು ಎಲೈಸಾ ಪರೀಕ್ಷೆ ಮಾಡಿಸಿದರು. 1986ರ ಆರಂಭದಲ್ಲಿ ಆರು ಮಾದರಿಗಳು ಪಾಸಿಟಿವ್ ಎಂದು ತಿಳಿಯಿತು. ತಪ್ಪಿರಬಹುದೆಂದು ಮತ್ತೆ ರಕ್ತ ತೆಗೆದು, ಅಮೆರಿಕಕ್ಕೆ ಕಳಿಸಿ ಖಚಿತಪಡಿಸಿಕೊಂಡರು. ಆಮೇಲೆ ತಮಿಳುನಾಡು ವಿಧಾನಸಭೆಯಲ್ಲಿ ಘೋಷಣೆಯಾಯಿತು.

ಇದು ಸಾಹಸದ ಕಥೆ, ಅನುಮಾನವಿಲ್ಲ. ಸಾಧನಗಳಿಲ್ಲದ ಯುವ ವೈದ್ಯೆಯೊಬ್ಬರು ಇಡೀ ದೇಶದ ಕಣ್ಣು ತೆರೆಸಿದರು. ಆದರೆ ಇದೇ ಕಥೆಯನ್ನು ಆ ಆರು ಹೆಂಗಸರ ಕಡೆಯಿಂದ ಕೇಳಿ ನೋಡಿ. ಯಾವ ರೋಗಕ್ಕಾಗಿ ರಕ್ತ ತೆಗೆಯುತ್ತಿದ್ದಾರೆಂದು ಅವರಿಗೆ ಗೊತ್ತಿರಲಿಲ್ಲ. ಮಾಮೂಲು ಲೈಂಗಿಕ ರೋಗಗಳ ಪರೀಕ್ಷೆ ಎಂದುಕೊಂಡಿದ್ದರು. ನಿರ್ಮಲಾ ಅವರೇ ಮುಂದೆ ಸಂದರ್ಶನದಲ್ಲಿ ಇದನ್ನು ಮುಚ್ಚಿಡದೆ ಹೇಳಿದ್ದಾರೆ. ಆ ಕಾಲದ ವೈದ್ಯಕೀಯ ರೂಢಿಯೇ ಹಾಗಿತ್ತು. ಕೇಳದೆ ರಕ್ತ ತೆಗೆಯಲು ಸಾಧ್ಯವಾದದ್ದು ಅವರು ಒಳಗಿದ್ದರಿಂದ. ಆಮೇಲೆ 'ಭಾರತಕ್ಕೆ ಏಡ್ಸ್ ತಂದವರು' ಎಂಬ ಬೆರಳು ತಿರುಗಿದ್ದೂ ಅವರಂಥವರ ಕಡೆಗೇ.

ಶಿಕ್ಷೆಯ ಅವಧಿ ಮುಗಿದ ಮೇಲೂ, ಸೋಂಕಿದೆ ಎಂಬ ಒಂದೇ ಕಾರಣಕ್ಕೆ, ತಮಿಳುನಾಡಿನಲ್ಲಿ ಇಂಥ ಹೆಂಗಸರನ್ನು ಹೊರಗೆ ಬಿಡದೆ ಇರಿಸಿಕೊಳ್ಳಲಾಗಿತ್ತು. ಪತ್ರಕರ್ತೆ ಶ್ಯಾಮಲಾ ನಟರಾಜ್ ಇದನ್ನು ಮದ್ರಾಸ್ ಹೈಕೋರ್ಟಿಗೆ ಒಯ್ದರು. 1990ರಲ್ಲಿ ನ್ಯಾಯಾಲಯ ಬಿಡುಗಡೆಗೆ ಆದೇಶ ಮಾಡಿತು. ಶಿಕ್ಷೆ ಅಪರಾಧಕ್ಕೆ, ರೋಗಕ್ಕಲ್ಲ ಎಂಬಷ್ಟು ಸರಳ ಸಂಗತಿಯನ್ನು ಸ್ಥಾಪಿಸಲು ಹೈಕೋರ್ಟಿನ ಆದೇಶ ಬೇಕಾಯಿತು.

*

ಅಪರಾಧವೇ ಇಲ್ಲದವರಿಗೂ ಬೀಗ ಬಿತ್ತು. ಗೋವಾದ ಡೊಮಿನಿಕ್ ಡಿಸೋಜಾ ಮೂವತ್ತರ ಆಸುಪಾಸಿನ ಯುವಕ, ತಪ್ಪದೆ ರಕ್ತದಾನ ಮಾಡುತ್ತಿದ್ದವರು. ದಾನ ಕೊಟ್ಟ ರಕ್ತದಲ್ಲಿ ಎಚ್‌ಐವಿ ಪತ್ತೆಯಾಯಿತು. 1989ರ ಫೆಬ್ರವರಿಯಲ್ಲಿ ಪೊಲೀಸರು ಮನೆಗೆ ಬಂದು ಕರೆದೊಯ್ದರು. ಏಕೆಂದು ಅವರಿಗೆ ಹೇಳಲೂ ಇಲ್ಲ. ಪಾಳುಬಿದ್ದಿದ್ದ ಹಳೆಯ ಕ್ಷಯರೋಗ ಆಸ್ಪತ್ರೆಯಲ್ಲಿ, ಕಾವಲಿನಲ್ಲಿ, ಒಬ್ಬರೇ 64 ದಿನ ಕಳೆದರು. ಗೋವಾದ ಸಾರ್ವಜನಿಕ ಆರೋಗ್ಯ ಕಾನೂನಿಗೆ ಆಗಷ್ಟೇ ತಿದ್ದುಪಡಿ ಮಾಡಿ, ಸೋಂಕಿತರನ್ನು ಪ್ರತ್ಯೇಕವಾಗಿ ಕೂಡಿಹಾಕುವ ಅಧಿಕಾರ ತಂದುಕೊಂಡಿದ್ದರು. ಅವರ ತಾಯಿ ಲೂಸಿ ಡಿಸೋಜಾ ಹೈಕೋರ್ಟಿಗೆ ಹೋದರು. ಮಗ ಹೊರಬಂದ. ಆದರೆ ಅಂತಿಮ ತೀರ್ಪಿನಲ್ಲಿ ಬಾಂಬೆ ಹೈಕೋರ್ಟ್ ಆ ಕಾನೂನನ್ನು ಎತ್ತಿಹಿಡಿಯಿತು. ವ್ಯಕ್ತಿಯ ಹಕ್ಕು ಮತ್ತು ಸಮಾಜದ ಹಿತ ಎದುರುಬದುರಾದರೆ ಸಮಾಜದ ಹಿತವೇ ಮೇಲು ಎಂಬುದು ಅದರ ತರ್ಕ. ಡೊಮಿನಿಕ್ 1992ರಲ್ಲಿ 'ಪಾಸಿಟಿವ್ ಪೀಪಲ್' ಎಂಬ ಸಂಸ್ಥೆ ಕಟ್ಟಿ, ಅದೇ ವರ್ಷದ ಮೇ ತಿಂಗಳಲ್ಲಿ ತೀರಿಕೊಂಡರು.

ದೆಹಲಿಯ ಆಲೋಚನೆಯೂ ಇದೇ ದಾರಿಯಲ್ಲಿತ್ತು. 1989ರಲ್ಲಿ ರಾಜ್ಯಸಭೆಯಲ್ಲಿ ಮಂಡನೆಯಾದ ಏಡ್ಸ್ ತಡೆ ಮಸೂದೆಯಲ್ಲಿ ಕಡ್ಡಾಯ ಪರೀಕ್ಷೆಗೂ ಪ್ರತ್ಯೇಕವಾಗಿ ಇರಿಸುವುದಕ್ಕೂ ಅವಕಾಶವಿತ್ತು. ವಿರೋಧ ಎದ್ದು, 1992ರಲ್ಲಿ ಮಸೂದೆಯನ್ನು ಹಿಂತೆಗೆದುಕೊಂಡರು. ಮಸೂದೆ ಹೋಯಿತು, ಅದರ ಹಿಂದಿನ ಯೋಚನೆ ಹೋಗಲಿಲ್ಲ. ಸೋಂಕಿತರನ್ನು ಏನು ಮಾಡಬೇಕು ಎಂದು ಸರ್ಕಾರವನ್ನು ಕೇಳಿದರೆ ಅದಕ್ಕೆ ಮೊದಲು ಹೊಳೆಯುತ್ತಿದ್ದುದು ಕೋಣೆ ಮತ್ತು ಕಾವಲು. ಹಾಗಿರುವಾಗ, ಕೋಣೆ ಮತ್ತು ಕಾವಲನ್ನೇ ಕಸುಬಾಗಿ ಮಾಡಿಕೊಂಡ ಜೈಲಿನ ಸಿಬ್ಬಂದಿ ಬೇರೆ ರೀತಿ ಯೋಚಿಸಬೇಕಿತ್ತು ಎಂದು ನಿರೀಕ್ಷಿಸುವುದು ಹೇಗೆ?

*

ಈ ಪ್ರಶ್ನೆ ನೇರವಾಗಿ ಜೈಲಿನ ಗೇಟಿಗೆ ಬಂದದ್ದು 1994ರಲ್ಲಿ, ತಿಹಾರ್‌ನಲ್ಲಿ.

ಆಗ ತಿಹಾರ್ ದೇಶದ ಅತ್ಯಂತ ದೊಡ್ಡ ಜೈಲು. ಸುಮಾರು ಎರಡೂವರೆ ಸಾವಿರ ಜನರ ಜಾಗದಲ್ಲಿ ಒಂಬತ್ತು ಸಾವಿರಕ್ಕೂ ಹೆಚ್ಚು ಜನ. ಅವರಲ್ಲಿ ಬಹುಪಾಲು ವಿಚಾರಣಾಧೀನರು, ಅಂದರೆ ತಪ್ಪು ಇನ್ನೂ ಸಾಬೀತಾಗದವರು. 1993ರಲ್ಲಿ ಕಾರಾಗೃಹಗಳ ಇನ್‌ಸ್ಪೆಕ್ಟರ್ ಜನರಲ್ ಆಗಿ ಬಂದ ಕಿರಣ್ ಬೇಡಿ ಅಲ್ಲಿ ಮಾಡಿದ ಸುಧಾರಣೆಗಳು ಜಗತ್ತಿಗೇ ಗೊತ್ತಿವೆ. ಓದುಬರಹದ ತರಗತಿಗಳು, ಕೈದಿಗಳು ದೂರು ಹಾಕುವ ಪೆಟ್ಟಿಗೆ, 1994ರ ಏಪ್ರಿಲ್‌ನಲ್ಲಿ ಸಾವಿರಕ್ಕೂ ಹೆಚ್ಚು ಕೈದಿಗಳು ಒಟ್ಟಿಗೆ ಕೂತ ವಿಪಶ್ಯನ ಶಿಬಿರ. ಆ ವರ್ಷವೇ ಅವರಿಗೆ ಮ್ಯಾಗ್ಸೇಸೆ ಪ್ರಶಸ್ತಿ ಬಂತು.

ಅದೇ ವರ್ಷ ತಿಹಾರ್‌ಗೆ ಭೇಟಿ ಕೊಟ್ಟ ವೈದ್ಯರ ತಂಡವೊಂದು, ಪುರುಷ ಕೈದಿಗಳ ನಡುವೆ ಲೈಂಗಿಕ ಸಂಪರ್ಕ ಸಾಕಷ್ಟಿದೆ, ಎಚ್‌ಐವಿ ತಡೆಯಲು ಕಾಂಡೋಮ್ ಕೊಡಬೇಕು ಎಂದು ಸಲಹೆ ಮಾಡಿತು. ಜೈಲಿನ ಆಡಳಿತ ಒಪ್ಪಲಿಲ್ಲ. ಕಾಂಡೋಮ್ ಕೊಟ್ಟರೆ ಸಲಿಂಗ ಸಂಪರ್ಕಕ್ಕೆ ಪ್ರೋತ್ಸಾಹ ಕೊಟ್ಟಂತೆ, ಅದು ನಡೆಯುತ್ತಿದೆ ಎಂದು ಒಪ್ಪಿಕೊಂಡಂತೆ, ಮೇಲಾಗಿ ಭಾರತೀಯ ದಂಡ ಸಂಹಿತೆಯ 377ನೇ ಕಲಮಿನ ಪ್ರಕಾರ ಅದು ಅಪರಾಧ ಎಂಬುದು ವಾದ.

ಈ ವಾದವನ್ನು ನಾನು ಎಷ್ಟು ಸಲ ಓದಿದ್ದೇನೋ. ಪ್ರತಿ ಸಲವೂ ಅದರೊಳಗಿನ ಗಂಟು ಕಣ್ಣಿಗೆ ಬೀಳುತ್ತದೆ. ನಮ್ಮ ಜೈಲಿನಲ್ಲಿ ಅದು ಇಲ್ಲ ಎನ್ನುವುದು ಒಂದು ಮಾತು. ಇದ್ದರೆ ಅದು ಅಪರಾಧ ಎನ್ನುವುದು ಇನ್ನೊಂದು. ಕೊಟ್ಟರೆ ಹೆಚ್ಚಾಗುತ್ತದೆ ಎನ್ನುವುದು ಮೂರನೆಯದು. ಇಲ್ಲದ್ದು ಹೆಚ್ಚಾಗುವುದು ಹೇಗೆ? ಆದರೆ ಆಡಳಿತದ ಒಳಗಿನಿಂದ ನೋಡಿದರೆ ಮೂರೂ ಮಾತುಗಳು ಒಂದೇ ಭಯದಿಂದ ಬಂದವು. ಬೀಗದೊಳಗೆ ನಡೆಯುವ ಪ್ರತಿಯೊಂದಕ್ಕೂ ಬೀಗ ಹಾಕಿದವರು ಹೊಣೆ. ಒಪ್ಪಿಕೊಂಡರೆ, ನಿಮ್ಮ ಕಾವಲು ಏನು ಮಾಡುತ್ತಿತ್ತು ಎಂಬ ಪ್ರಶ್ನೆ ಬರುತ್ತದೆ. ಜೈಲಿನ ನೌಕರಿಯಲ್ಲಿ ಮೊದಲು ಕಲಿಯುವ ಪಾಠವೇ, ರಿಜಿಸ್ಟರಿನಲ್ಲಿ ಬರೆಯದಿದ್ದದ್ದು ನಡೆದಿಲ್ಲ ಎಂಬುದು. ಆ ನಿಲುವು ಒಬ್ಬ ಅಧಿಕಾರಿಯದು ಮಾತ್ರ ಆಗಿರಲಿಲ್ಲ. ಸುಧಾರಕರೆಂದು ಹೆಸರಾದವರೇ ದಾಟಲಾಗದ ಗೆರೆ ಎಷ್ಟು ಆಳವಾಗಿತ್ತು ಎಂಬುದನ್ನು ಅದು ತೋರಿಸುತ್ತದೆ.

ಈ ನಿರಾಕರಣೆಯಲ್ಲಿ ಇನ್ನೊಂದು ಸಂಗತಿ ಮುಚ್ಚಿಹೋಯಿತು. ಜೈಲಿನಲ್ಲಿ ಎಲ್ಲವೂ ಇಷ್ಟಪಟ್ಟು ನಡೆಯುವುದಿಲ್ಲ. ಹೊಸಬ, ಚಿಕ್ಕ ವಯಸ್ಸಿನವ, ಹೊರಗಿನಿಂದ ಹಣ ತರಿಸಿಕೊಳ್ಳಲಾಗದವ, ಇಂಥವರ ಮೇಲೆ ಬಲಾತ್ಕಾರವೂ ನಡೆಯುತ್ತದೆ. 377ನೇ ಕಲಮು ಒಪ್ಪಿಗೆಗೂ ಬಲಾತ್ಕಾರಕ್ಕೂ ವ್ಯತ್ಯಾಸ ಮಾಡುತ್ತಿರಲಿಲ್ಲ. ದೂರು ಕೊಟ್ಟವನೇ 'ಅಂಥವನು' ಎನಿಸಿಕೊಳ್ಳುವ ಜಾಗದಲ್ಲಿ ದೂರು ಕೊಡುವವರು ಯಾರು? 'ಇಲ್ಲಿ ಅದು ಇಲ್ಲ' ಎಂಬ ಮಾತು ಸೋಂಕನ್ನು ಮುಚ್ಚಿದ ಹಾಗೆಯೇ ಈ ಹಿಂಸೆಯನ್ನೂ ಮುಚ್ಚಿತು.

ತಿಹಾರ್‌ನ ತೀರ್ಮಾನವನ್ನು ಪ್ರಶ್ನಿಸಿದವರು ದೆಹಲಿಯ 'ಏಡ್ಸ್ ಭೇದಭಾವ ವಿರೋಧಿ ಆಂದೋಲನ'ದವರು. 1991ರಲ್ಲಿ ಭಾರತದ ಸಲಿಂಗಕಾಮಿಗಳ ಸ್ಥಿತಿಗತಿ ಕುರಿತು ಮೊದಲ ನಾಗರಿಕ ವರದಿ ತಂದ ಚಿಕ್ಕ ಗುಂಪು ಅದು. ಹಣವಿಲ್ಲ, ಕಚೇರಿಯಿಲ್ಲ. ಅವರು 1994ರಲ್ಲಿ ದೆಹಲಿ ಹೈಕೋರ್ಟಿಗೆ ಹಾಕಿದ ರಿಟ್ ಅರ್ಜಿಯ ಬೇಡಿಕೆಗಳು ಹೀಗಿದ್ದವು: 377ನೇ ಕಲಮನ್ನು ಅಸಾಂವಿಧಾನಿಕ ಎಂದು ಸಾರಬೇಕು, ಜೈಲಿನಲ್ಲಿ ಉಚಿತವಾಗಿ ಕಾಂಡೋಮ್ ಸಿಗಬೇಕು, ಸೋಂಕಿತರನ್ನಾಗಲಿ ಸಲಿಂಗಿಗಳನ್ನಾಗಲಿ ಬೇರ್ಪಡಿಸಿ ಇಡಬಾರದು, ಜೈಲಿನ ಔಷಧಾಲಯದಲ್ಲಿ ಒಮ್ಮೆ ಬಳಸಿ ಬಿಸಾಡುವ ಸಿರಿಂಜ್ ಇರಬೇಕು.

ಕೊನೆಯ ಬೇಡಿಕೆಯನ್ನು ಗಮನಿಸಿ. ಕೈದಿಗಳ ನಡತೆಯ ಬಗ್ಗೆ ಇಷ್ಟೆಲ್ಲ ಚರ್ಚೆ ನಡೆಯುವಾಗ, ಜೈಲಿನದೇ ಸೂಜಿ ಎಷ್ಟು ಜನರ ಮೈಗೆ ಚುಚ್ಚಿದ್ದು ಎಂದು ಕೇಳಿದವರು ಇವರು. 377ರ ವಿರುದ್ಧ ಭಾರತದ ನ್ಯಾಯಾಲಯದಲ್ಲಿ ನಡೆದ ಮೊದಲ ಹೋರಾಟ ಹುಟ್ಟಿದ್ದು ಹೀಗೆ, ಜೈಲಿನ ಬ್ಯಾರಕ್ಕಿನಿಂದ. ಅರ್ಜಿ ವರ್ಷಗಟ್ಟಲೆ ಕೊಳೆಯಿತು. ಗುಂಪು ಕರಗಿತು. ವಾದಿಸುವವರು ಹಾಜರಿಲ್ಲ ಎಂದು 2001ರಲ್ಲಿ ಅದು ವಜಾ ಆಯಿತು.

*

ಇದೇ ಹೊತ್ತಿಗೆ ಬೇರೆಡೆ ಏನಾಗುತ್ತಿತ್ತು? ಅಲ್ಲಿ ಭಯ ಕಡಿಮೆ ಇತ್ತು ಎಂದೇನಲ್ಲ.

ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಜೈಲುಗಳಿಗಾಗಿ ಮಾರ್ಗಸೂಚಿ ಹೊರಡಿಸಿತ್ತು. ಹೊರಗಿನವರಿಗೆ ಸಿಗುವ ಆರೋಗ್ಯ ಸೇವೆ ಒಳಗಿನವರಿಗೂ ಸಿಗಬೇಕು, ಕಡ್ಡಾಯ ಪರೀಕ್ಷೆ ಕೂಡದು, ಬೇರ್ಪಡಿಸುವುದು ಕೂಡದು, ಸಿಬ್ಬಂದಿಗೂ ಕೈದಿಗಳಿಗೂ ತಿಳಿವಳಿಕೆ ಕೊಡಬೇಕು ಎಂದು ಅದರಲ್ಲಿತ್ತು. ಆದರೂ ಅಮೆರಿಕದ ಅಲಬಾಮಾ ರಾಜ್ಯ ಸುಮಾರು ಕಾಲು ಶತಮಾನ ಸೋಂಕಿತ ಕೈದಿಗಳನ್ನು ಬೇರೆಯಾಗಿಯೇ ಇಟ್ಟಿತು. ಪುರುಷ ಕೈದಿಗಳ ತೋಳಿಗೆ ಬಿಳಿ ಪಟ್ಟಿ. ದೂರದಿಂದ ನೋಡಿದರೂ ಗೊತ್ತಾಗಬೇಕು. ಫೆಡರಲ್ ನ್ಯಾಯಾಲಯ ಅದನ್ನು ಕಾನೂನುಬಾಹಿರ ಎಂದದ್ದು 2012ರ ಡಿಸೆಂಬರ್‌ನಲ್ಲಿ.

ಸ್ವಿಟ್ಜರ್ಲೆಂಡಿನ ಓಬರ್‌ಶೋನ್‌ಗ್ರೂನ್ ಜೈಲಿನ ಕಥೆ ಬೇರೆ. 1992ರಲ್ಲಿ ಅಲ್ಲಿ ಅರೆಕಾಲಿಕ ವೈದ್ಯರಾಗಿದ್ದ ಫ್ರಾಂಜ್ ಪ್ರೋಬ್ಸ್ಟ್, ಮಾದಕ ವಸ್ತು ಚುಚ್ಚಿಕೊಳ್ಳುವ ಕೈದಿಗಳು ಒಂದೇ ಸೂಜಿಯನ್ನು ಹಂಚಿಕೊಳ್ಳುವುದನ್ನು ನೋಡಿ, ಯಾರಿಗೂ ಹೇಳದೆ ಶುದ್ಧ ಸೂಜಿ ಕೊಡತೊಡಗಿದರು. ಜೈಲಿನ ಮುಖ್ಯಸ್ಥನಿಗೆ ಗೊತ್ತಾದಾಗ ಕೆಲಸ ಹೋಗಬೇಕಿತ್ತು. ಆದರೆ ಮುಖ್ಯಸ್ಥ ವೈದ್ಯರ ಮಾತು ಕೇಳಿ, ಒಪ್ಪಿ, ಮುಂದುವರಿಸಲು ಮೇಲಿನವರ ಅನುಮತಿ ತಂದ. ಜಗತ್ತಿನಲ್ಲಿ ಜೈಲಿನೊಳಗೆ ಸೂಜಿ ಕೊಟ್ಟ ಮೊದಲ ಉದಾಹರಣೆ ಅದು. ಸೂಜಿ ಕೊಟ್ಟರೆ ನಮ್ಮನ್ನೇ ಚುಚ್ಚುತ್ತಾರೆ ಎಂಬುದು ಎಲ್ಲ ಕಡೆಯ ಕಾವಲುಗಾರರ ಅಂಜಿಕೆ. ಆ ದೇಶದ್ದೇ ಹಿಂಡೆಲ್‌ಬ್ಯಾಂಕ್ ಮಹಿಳಾ ಜೈಲಿನಲ್ಲಿ 1994ರಿಂದ ನಡೆದ ಪ್ರಯೋಗವನ್ನು ಪರಿಶೀಲಿಸಿದಾಗ ಹಾಗೆ ಸೂಜಿಯನ್ನು ಆಯುಧ ಮಾಡಿಕೊಂಡದ್ದು ಕಂಡುಬರಲಿಲ್ಲ.

ನನಗೆ ಹೆಚ್ಚು ಹತ್ತಿರವಾದದ್ದು ನ್ಯೂಯಾರ್ಕ್ ರಾಜ್ಯದ ಬೆಡ್‌ಫರ್ಡ್ ಹಿಲ್ಸ್ ಮಹಿಳಾ ಜೈಲು. ಎಂಬತ್ತರ ದಶಕದ ಕೊನೆಯಲ್ಲಿ ಅಲ್ಲಿಗೆ ಹೊಸದಾಗಿ ಬರುತ್ತಿದ್ದ ಹೆಂಗಸರಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಬ್ಬರಿಗೆ ಸೋಂಕಿತ್ತು. ಒಳಗಿನವರ ನಡುವೆಯೇ ಕಾಯಿಲೆಯವರ ಜೊತೆ ಕೂರಬಾರದು, ಅವರು ಬಳಸಿದ್ದನ್ನು ಮುಟ್ಟಬಾರದು ಎಂಬ ನಡವಳಿಕೆ ಬೆಳೆದಿತ್ತು. ನಮ್ಮ ಮಾಮಾ ಹೇಳಿದ ಲೋಟದ ಕಥೆಯೇ. 1988ರಲ್ಲಿ ಕೆಲವು ಕೈದಿಗಳು, ಸೂಪರಿಂಟೆಂಡೆಂಟ್ ಎಲೇನ್ ಲಾರ್ಡ್ ಅವರ ಅನುಮತಿ ಪಡೆದು, ಏಡ್ಸ್ ತಿಳಿವಳಿಕೆ ಮತ್ತು ಆಪ್ತಸಲಹೆಯ ಗುಂಪು ಕಟ್ಟಿದರು. ಸೋಂಕಿತರೂ ಅಲ್ಲದವರೂ ಅದರಲ್ಲಿದ್ದರು. ಆಸ್ಪತ್ರೆಯ ವಾರ್ಡಿನಲ್ಲಿ ಸಾಯುತ್ತಿದ್ದವರ ಪಕ್ಕದಲ್ಲಿ ಕೂತರು. ಬ್ಯಾರಕ್ಕುಗಳಲ್ಲಿ ಪಾಠ ಮಾಡಿದರು. ಗುಂಪಿನ ಮುಂದಾಳುಗಳಲ್ಲಿ ಒಬ್ಬರಾದ ಕಟ್ರೀನಾ ಹ್ಯಾಸ್ಲಿಪ್ ಸ್ವತಃ ಸೋಂಕಿತರು. ಬಿಡುಗಡೆಯಾದ ಮೇಲೆ, ಏಡ್ಸ್‌ನ ಸರ್ಕಾರಿ ವ್ಯಾಖ್ಯಾನದಲ್ಲಿ ಹೆಂಗಸರಿಗೆ ಬರುವ ಕಾಯಿಲೆಗಳು ಸೇರಿಲ್ಲ, ಹಾಗಾಗಿ ಅವರಿಗೆ ನೆರವು ಸಿಗುತ್ತಿಲ್ಲ ಎಂದು ಹೋರಾಡಿದರು. ಅವರು ತೀರಿಕೊಂಡದ್ದು 1992ರ ಡಿಸೆಂಬರ್‌ನಲ್ಲಿ. ಬದಲಾದ ವ್ಯಾಖ್ಯಾನ ಜಾರಿಗೆ ಬಂದದ್ದು 1993ರ ಜನವರಿ 1ರಂದು.

ಒಂದೇ ರೋಗ, ಒಂದೇ ಭಯ. ಅಲಬಾಮಾದಲ್ಲಿ ಅದು ತೋಳಪಟ್ಟಿಯಾಯಿತು, ಬೆಡ್‌ಫರ್ಡ್ ಹಿಲ್ಸ್‌ನಲ್ಲಿ ಗುಂಪಾಯಿತು. ಕೈದಿಗಳು ಎರಡೂ ಕಡೆ ಒಂದೇ ತೆರನ ಜನ. ಬೇರೆಯಾದದ್ದು ಅವರನ್ನು ನಂಬಿದ ಒಬ್ಬ ಮೇಲಧಿಕಾರಿ ಇದ್ದರೋ ಇಲ್ಲವೋ ಎಂಬುದು. ಕೈದಿಗಳ ಮನೋಭಾವ ಎಂದು ನಾವು ಬೇರೆಯಾಗಿ ಅಳೆಯುವುದರಲ್ಲಿ ಬಹುಪಾಲು ಸಿಬ್ಬಂದಿಯಿಂದ ಕಲಿತದ್ದು ಎಂದು ನನಗೆ ಅನಿಸಿದ್ದು ಇಲ್ಲಿ. ತಟ್ಟೆಯನ್ನು ಲಾಠಿಯಿಂದ ತಳ್ಳುವುದನ್ನು ದಿನಾ ನೋಡುವ ಬ್ಯಾರಕ್ಕು ಆ ಹುಡುಗನ ಪಕ್ಕ ಕೂರುವುದಿಲ್ಲ.

*

ತಿಹಾರ್‌ನಲ್ಲಿ ಎದ್ದ ಪ್ರಶ್ನೆ ಸುತ್ತಿ ಬಳಸಿ ಉತ್ತರ ಕಂಡಿತು. 2001ರಲ್ಲಿ ನಾಜ್ ಫೌಂಡೇಶನ್ ಮತ್ತೆ ದೆಹಲಿ ಹೈಕೋರ್ಟಿಗೆ ಹೋಯಿತು. 377ನೇ ಕಲಮು ಎಚ್‌ಐವಿ ತಡೆಯುವ ಕೆಲಸಕ್ಕೆ ಅಡ್ಡಿ ಎಂಬುದು ಅವರ ಮುಖ್ಯ ವಾದಗಳಲ್ಲಿ ಒಂದು. ಆ ಪ್ರಕರಣದಲ್ಲಿ ವಿಚಿತ್ರವೊಂದು ನಡೆಯಿತು. ಒಂದೇ ಕೇಂದ್ರ ಸರ್ಕಾರದಿಂದ ಎರಡು ಪ್ರಮಾಣಪತ್ರಗಳು ಬಂದವು. ಕಲಮು ಇರಬೇಕು ಎಂದಿತು ಗೃಹ ಇಲಾಖೆ. ಅದರಿಂದಾಗಿ ಜನ ಅಡಗಿಕೊಳ್ಳುತ್ತಾರೆ, ನಾವು ಅವರನ್ನು ತಲುಪಲಾಗುವುದಿಲ್ಲ ಎಂದಿತು ಆರೋಗ್ಯ ಇಲಾಖೆಯ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ. ಲಾಠಿ ಹಿಡಿದ ಇಲಾಖೆ ಮತ್ತು ಸ್ಟೆತಸ್ಕೋಪ್ ಹಿಡಿದ ಇಲಾಖೆ ನ್ಯಾಯಾಧೀಶರ ಮುಂದೆ ಎದುರುಬದುರು ನಿಂತವು. ಪ್ರತಿಯೊಂದು ಜೈಲಿನಲ್ಲೂ ಸೂಪರಿಂಟೆಂಡೆಂಟರ ಕೋಣೆಗೂ ಜೈಲು ಆಸ್ಪತ್ರೆಗೂ ನಡುವೆ ಇರುವ ಜಗಳವೇ ಅದು.

2009ರ ಜುಲೈ 2ರಂದು ಹೈಕೋರ್ಟ್ ವಯಸ್ಕರ ಒಪ್ಪಿತ ಸಂಬಂಧವನ್ನು ಅಪರಾಧದಿಂದ ಹೊರಗಿಟ್ಟಿತು. 2013ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. 2018ರ ಸೆಪ್ಟೆಂಬರ್ 6ರಂದು ಸಂವಿಧಾನ ಪೀಠ ಮತ್ತೆ ಬಿಡುಗಡೆ ಕೊಟ್ಟಿತು. ಅದಾದ ನಾಲ್ಕೇ ದಿನಕ್ಕೆ, ಸೆಪ್ಟೆಂಬರ್ 10ರಂದು, 2017ರಲ್ಲಿ ಸಂಸತ್ತು ಒಪ್ಪಿದ್ದ ಎಚ್‌ಐವಿ ಮತ್ತು ಏಡ್ಸ್ ತಡೆ ಹಾಗೂ ನಿಯಂತ್ರಣ ಕಾಯ್ದೆ ಜಾರಿಗೆ ಬಂತು. 1989ರ ಮಸೂದೆಯನ್ನು ಬಲ್ಲವರು ಈ ಕಾಯ್ದೆಯನ್ನು ಓದಿದರೆ ಬೇರೆ ದೇಶದ್ದೇನೋ ಎನಿಸಬೇಕು. ಸೋಂಕಿತರನ್ನು ಬೇರ್ಪಡಿಸುವುದು ತಾರತಮ್ಯ. ಒಪ್ಪಿಗೆಯಿಲ್ಲದೆ ಪರೀಕ್ಷೆ ಇಲ್ಲ. ಒಬ್ಬರ ಸೋಂಕಿನ ವಿಷಯ ಇನ್ನೊಬ್ಬರಿಗೆ ಹೇಳುವಂತಿಲ್ಲ. 31ನೇ ಕಲಮಿನ ಪ್ರಕಾರ ಸರ್ಕಾರದ ವಶದಲ್ಲಿರುವ ಪ್ರತಿಯೊಬ್ಬರಿಗೂ ಎಚ್‌ಐವಿ ತಡೆ, ಆಪ್ತಸಲಹೆ, ಪರೀಕ್ಷೆ, ಚಿಕಿತ್ಸೆಯ ಹಕ್ಕಿದೆ. ಸೋಂಕು ತಗಲುವ ಅಪಾಯವಿರುವ ಕಡೆ ಕೆಲಸ ಮಾಡುವವರಿಗೆ ರಕ್ಷಣಾ ಸಾಮಗ್ರಿ, ತರಬೇತಿ, ಅಚಾತುರ್ಯವಾದರೆ ತಕ್ಷಣದ ಔಷಧಿ ಕೊಡುವುದು ಸಂಸ್ಥೆಯ ಹೊಣೆ. ಮಾಮಾ ಕಾಣದಿದ್ದ ಗ್ಲೌಸ್ ಕಡೆಗೆ ಕಾನೂನಿನೊಳಗೆ ಬಂದದ್ದು ಅವರು ನಿವೃತ್ತರಾಗಿ ಎಷ್ಟೋ ವರ್ಷದ ಮೇಲೆ.

ಕಾನೂನು ಬಂದ ಕೂಡಲೇ ಬ್ಯಾರಕ್ಕು ಬದಲಾಗುವುದಿಲ್ಲ ನಿಜ. 2022ರ ಅಂಕಿಅಂಶದ ಪ್ರಕಾರ ದೇಶದ ಜೈಲುಗಳಲ್ಲಿ 5.73 ಲಕ್ಷ ಜನ ಇದ್ದರು. ನೂರು ಜನರ ಜಾಗದಲ್ಲಿ ನೂರಾ ಮೂವತ್ತೊಂದು. ನಾಲ್ವರಲ್ಲಿ ಮೂವರು ವಿಚಾರಣಾಧೀನರು. ವಯಸ್ಕ ಜನಸಂಖ್ಯೆಯಲ್ಲಿ ಎಚ್‌ಐವಿ ಸುಮಾರು ಶೇ. 0.2 ಇದ್ದರೆ, ಸಮೀಕ್ಷೆಗಳಲ್ಲಿ ಜೈಲಿನೊಳಗೆ ಅದು ಸುಮಾರು ಶೇ. 2. ಇದರರ್ಥ ಎಲ್ಲರಿಗೂ ಜೈಲಿನಲ್ಲೇ ತಗುಲಿತು ಎಂದಲ್ಲ. ಹೊರಗೆ ಯಾರು ಹೆಚ್ಚು ಅಪಾಯದಲ್ಲಿದ್ದಾರೋ, ಮಾದಕ ವಸ್ತು ಚುಚ್ಚಿಕೊಳ್ಳುವವರು, ಊರೂರು ಅಲೆಯುವ ಬಡವರು, ಅವರನ್ನೇ ನಾವು ಹೆಚ್ಚಾಗಿ ಒಳಗೆ ಹಾಕುತ್ತೇವೆ ಎಂಬುದೂ ಅದರಲ್ಲಿದೆ. ಕಳೆದ ದಶಕದ ಮಧ್ಯದಿಂದ ಜೈಲುಗಳೊಳಗೆ ಪರೀಕ್ಷೆ, ಆಪ್ತಸಲಹೆ, ಔಷಧಿ ತಲುಪಿಸುವ ಕಾರ್ಯಕ್ರಮ ನಡೆಯುತ್ತಿದೆ. ಕೈದಿಗಳನ್ನೇ ಸ್ವಯಂಸೇವಕರನ್ನಾಗಿ ತಯಾರು ಮಾಡುವುದೂ ಅದರ ಭಾಗ. ಬೆಡ್‌ಫರ್ಡ್ ಹಿಲ್ಸ್‌ನ ಹೆಂಗಸರು ಕಂಡುಕೊಂಡದ್ದು ಮೂವತ್ತು ವರ್ಷ ತಡವಾಗಿ ನಮ್ಮ ಗೇಟು ದಾಟಿತು. ಕಾಂಡೋಮ್ ಮಾತ್ರ ಹೆಚ್ಚಿನ ಕಡೆ ಇನ್ನೂ ಹೊರಗೇ ನಿಂತಿದೆ. 377ರ ನೆಪ ಈಗ ಇಲ್ಲ. ಒಪ್ಪಿಕೊಂಡಂತಾಗುತ್ತದೆ ಎಂಬ ಹಳೆಯ ಅಂಜಿಕೆ ಇದೆ.

*

ಇಷ್ಟನ್ನು ಬರೆದ ಮೇಲೆ ಮಾಮಾನಿಗೆ ಫೋನ್ ಮಾಡಿ ಓದಿ ಹೇಳಿದೆ. ಅವರ ಮಾತುಗಳನ್ನು ಹಾಕಬಹುದೇ ಎಂದು ಕೇಳುವುದಿತ್ತು. ಜೈಲಿನ ಹೆಸರು ಬೇಡ, ಉಳಿದದ್ದು ಹಾಕು ಎಂದರು.

ಆಮೇಲೆ ಕೇಳಿದರು: "ಈಗ ಗುಳಿಗಿ ಅದಾವು ಅಂತಿ?"

ಇವೆ ಎಂದೆ. 2004ರಿಂದ ಸರ್ಕಾರ ಪುಕ್ಕಟೆ ಕೊಡುತ್ತಿದೆ. ದಿನಾ ತಪ್ಪದೆ ತೆಗೆದುಕೊಂಡರೆ ಎಲ್ಲರ ಹಾಗೆ ಬಹಳ ವರ್ಷ ಬದುಕಬಹುದು. ರಕ್ತದಲ್ಲಿ ವೈರಸ್ ಕಾಣದಷ್ಟು ಕಡಿಮೆಯಾದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದೂ ಇಲ್ಲ.

"ಜೇಲಿನ್ಯಾಗೂ ಕೊಡತಾರೇನು?"

ಕೊಡಬೇಕು ಎಂದು ಕಾನೂನಿದೆ, ಹೊರಗಿನ ಚಿಕಿತ್ಸಾ ಕೇಂದ್ರಕ್ಕೆ ಬೆಂಗಾವಲಿನಲ್ಲಿ ಕರೆದೊಯ್ಯಬೇಕಾದ ಕಡೆ, ಪೊಲೀಸರಿಲ್ಲದ ದಿನ ಔಷಧಿ ತಪ್ಪುತ್ತದೆ ಎಂದೆ. ವಾರ್ಡರ್ ಆಗಿದ್ದವರಿಗೆ ಅದನ್ನು ಹೆಚ್ಚು ವಿವರಿಸಬೇಕಾಗಿರಲಿಲ್ಲ. ಎಸ್ಕಾರ್ಟ್ ಇಲ್ಲ ಎಂದು ಕೋರ್ಟಿನ ತಾರೀಖು ತಪ್ಪುವುದನ್ನು ಅವರು ನೌಕರಿಯುದ್ದಕ್ಕೂ ನೋಡಿದ್ದಾರೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಫೋನ್ ಕಡಿದುಹೋಯಿತೇನೋ ಎಂದುಕೊಂಡೆ.

"ಗಡ್ಡ ತೆಗದ್ರ ನನಗೇನೂ ಆಗ್ತಿರಲಿಲ್ಲ, ಹೌದಿಲ್ಲೊ?" ಎಂದರು.

ಹೊಸ ಬ್ಲೇಡ್ ಹಾಕಿ, ಗ್ಲೌಸ್ ತೊಟ್ಟು ತೆಗೆದಿದ್ದರೆ ಏನೂ ಆಗುತ್ತಿರಲಿಲ್ಲ ಮಾಮಾ ಎಂದೆ.

"ಹೂಂ. ಅದನ್ನ ಅವತ್ತ ಯಾರರ ಹೇಳಬೇಕಿತ್ತು" ಎಂದು ಫೋನ್ ಇಟ್ಟರು.